ಹಿಂದಿನ ಆ್ಯಕ್ಸಲ್‌ನ ಕ್ರೌನ್–ಪಿನಿಯನ್ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಡೆಟ್ರಾಯಿಟ್‌ನ ಹೊರವಲಯದಲ್ಲಿರುವ ನನ್ನ ಮನೆಯ ಗ್ಯಾರೇಜಿನಲ್ಲಿ 1990ರ ಫೋರ್ಡ್ ಮಸ್ಟಾಂಗ್ ಎಲ್‌ಎಕ್ಸ್ ಒಂದಿದೆ. ಐದು ಲೀಟರ್ ವಿ8 ಎಂಜಿನ್, ಕೈಯಿಂದ ಬದಲಿಸುವ ಐದು ಗೇರು. ಅದರ ಹಿಂದಿನ ಆ್ಯಕ್ಸಲ್‌ನ ಹಲ್ಲುಗಳನ್ನು, ಅಂದರೆ ಕ್ರೌನ್–ಪಿನಿಯನ್ ಎಂಬ ಗೇರು ಜೋಡಿಯನ್ನು, ಬದಲಿಸಿದಂದಿನಿಂದ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ, ಫೋನಿನಲ್ಲಿ, ಊರಿನಿಂದ ಬರುವ ಪತ್ರಗಳಲ್ಲಿ ಒಂದೇ ಬಗೆಯ ಪ್ರಶ್ನೆಗಳು ಎದುರಾಗುತ್ತಿವೆ. ಅವುಗಳನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಜೋಡಿಸಿದ್ದೇನೆ. ಬೇರೆ ಕಾರಿನ ಹೆಸರು ಹೇಳದ ಕಡೆಯಲ್ಲೆಲ್ಲ ಲೆಕ್ಕ ನನ್ನ ಕಾರಿನದು: 225 ಅಶ್ವಶಕ್ತಿ, 300 ಪೌಂಡ್-ಅಡಿ ಟಾರ್ಕ್ (ತಿರುಗಿಸುವ ಬಲ), 25.6 ಇಂಚು ವ್ಯಾಸದ ಟೈರು.

## ಮೊದಲು ತಿಳಿಯಬೇಕಾದದ್ದು

ಹಲ್ಲು ಬದಲಿಸಿದರೆ ಎಂಜಿನ್ನಿನ ಶಕ್ತಿ ಹೆಚ್ಚುತ್ತದೆಯೇ, ಸರ್?

ಇಲ್ಲ. ಎಂಜಿನ್ನಿನ 225 ಅಶ್ವಶಕ್ತಿ 225 ಆಗಿಯೇ ಉಳಿಯುತ್ತದೆ. ಬದಲಾಗುವುದು ಆ ಶಕ್ತಿ ಚಕ್ರಕ್ಕೆ ತಲುಪುವ ರೀತಿ.

ಗೇರ್ ಪೆಟ್ಟಿಗೆಯಿಂದ ಹಿಂದಕ್ಕೆ ಬರುವ ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲಿನ ಗೇರಿದೆ. ಅದು ಕ್ರೌನ್ ಎಂಬ ದೊಡ್ಡ ಬಳೆಯಂಥ ಗೇರನ್ನು ತಿರುಗಿಸುತ್ತದೆ, ಕ್ರೌನ್ ಚಕ್ರಗಳನ್ನು ತಿರುಗಿಸುತ್ತದೆ. ನನ್ನ ಕಾರು ಕಾರ್ಖಾನೆಯಿಂದ ಬಂದಾಗ ಕ್ರೌನ್‌ನಲ್ಲಿ 41 ಹಲ್ಲು, ಪಿನಿಯನ್‌ನಲ್ಲಿ 15 ಹಲ್ಲು ಇದ್ದವು. 41ನ್ನು 15ರಿಂದ ಭಾಗಿಸಿದರೆ 2.73. ಅಂದರೆ ಶಾಫ್ಟು 2.73 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ಉರುಳುತ್ತಿತ್ತು. ಈಗ ಕ್ರೌನ್‌ನಲ್ಲಿ ಅದೇ 41, ಪಿನಿಯನ್‌ನಲ್ಲಿ 11. ಅನುಪಾತ 3.73.

ಮೊದಲ ಗೇರಿನ ಅನುಪಾತ 3.35. ಅದನ್ನು 2.73ರಿಂದ ಗುಣಿಸಿದರೆ 9.15, 3.73ರಿಂದ ಗುಣಿಸಿದರೆ 12.5. ಎಂಜಿನ್ನಿನ 300 ಪೌಂಡ್-ಅಡಿ ಹಿಂದಿನ ಆ್ಯಕ್ಸಲ್‌ಗೆ ತಲುಪುವಾಗ ಮೊದಲು ಸುಮಾರು 2,745 ಆಗುತ್ತಿತ್ತು, ಈಗ ಸುಮಾರು 3,750 ಆಗುತ್ತದೆ. ಘರ್ಷಣೆಯಲ್ಲಿ ಹೋಗುವುದನ್ನು ಇಲ್ಲಿ ಕಳೆದಿಲ್ಲ. ಒಂದೇ ಒಂದು ಕುದುರೆಯನ್ನೂ ಹೆಚ್ಚಿಸದೆ ತಳ್ಳುವ ಬಲ ಮೂರನೇ ಒಂದು ಭಾಗಕ್ಕಿಂತ ಹೆಚ್ಚಾಯಿತು. ಹಾರೆಯ ಉದ್ದ ಹೆಚ್ಚಿಸಿ ಬಂಡೆ ಎಬ್ಬಿಸಿದ ಹಾಗೆ. ಹಾರೆ ಉದ್ದವಾದಷ್ಟೂ ಕೈ ಹೆಚ್ಚು ದೂರ ಚಲಿಸಬೇಕು. ಇಲ್ಲಿ ಆ ದೂರವನ್ನು ಎಂಜಿನ್ ಹೆಚ್ಚು ಸುತ್ತು ತಿರುಗಿ ತೆರುತ್ತದೆ.

ಹೈ ಗೇರ್ ಅಂದರೆ ದೊಡ್ಡ ಅಂಕಿಯೋ ಸಣ್ಣ ಅಂಕಿಯೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಈ ಗೊಂದಲಕ್ಕೆ ಕಾರಣವಿದೆ. ಕೆಲವರು ಅಂಕಿಯನ್ನು ನೋಡಿ ಮಾತನಾಡುತ್ತಾರೆ, ಕೆಲವರು ಕಾರು ಮುಟ್ಟುವ ವೇಗವನ್ನು ನೋಡಿ. ಅಂಗಡಿಯಲ್ಲಿ ಹೈ, ಲೋ ಎನ್ನಬೇಡಿ. ನೇರವಾಗಿ ಅಂಕಿ ಹೇಳಿ. ಅಂಕಿ ದೊಡ್ಡದಾದಷ್ಟೂ ಎಳೆತ ಹೆಚ್ಚು, ಪ್ರತಿ ಗೇರಿನಲ್ಲಿ ಮುಟ್ಟುವ ವೇಗ ಕಡಿಮೆ.

ಇಷ್ಟು ದೊಡ್ಡ ಎಂಜಿನ್ ಕೂರಿಸಿ ಕಂಪನಿಯವರೇ ಏಕೆ 2.73 ಹಾಕಿದರು? ಅವರಿಗೆ ಗೊತ್ತಿರಲಿಲ್ಲವೇ?

ಚೆನ್ನಾಗಿಯೇ ಗೊತ್ತಿತ್ತು. 1969ರ ಶೆವರ್ಲೆ ಕಮಾರೋ ಝಡ್/28 ಕೊಂಡವರಿಗೆ 3.73 ಸಿಗುತ್ತಿತ್ತು, ಹೆಚ್ಚು ಬೇಕೆಂದರೆ 4.10. ಅದೇ ಹೊತ್ತಿನ ಮಸ್ಟಾಂಗ್‌ಗೆ ಡ್ರ್ಯಾಗ್ ಪ್ಯಾಕ್ ಎಂಬ ಕಾರ್ಖಾನೆಯ ರೇಸ್ ಆಯ್ಕೆಯನ್ನು ಬರೆಸಿದರೆ 3.91 ಅಥವಾ 4.30 ಬರುತ್ತಿತ್ತು. ಆಗ ಪೆಟ್ರೋಲ್ ಅಗ್ಗವಾಗಿತ್ತು, ಷೋರೂಮಿಗೆ ಬರುವ ಹುಡುಗರಿಗೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ಯಾರು ಮುಂದೆ ಎಂಬುದೇ ಮುಖ್ಯವಾಗಿತ್ತು.

1973ರ ತೈಲ ಬಿಕ್ಕಟ್ಟು ಎಲ್ಲವನ್ನೂ ತಿರುಗಿಸಿತು. 1974ರಲ್ಲಿ ಅಮೆರಿಕದಾದ್ಯಂತ ಗಂಟೆಗೆ 55 ಮೈಲಿಯ ವೇಗಮಿತಿ ಬಂತು. 1978ರ ಮಾದರಿಗಳಿಂದ ಪ್ರತಿ ಕಂಪನಿಯೂ ತಾನು ಮಾರುವ ಕಾರುಗಳ ಸರಾಸರಿ ಮೈಲೇಜಿಗೆ ಸರ್ಕಾರಕ್ಕೆ ಲೆಕ್ಕ ಕೊಡಬೇಕಾಯಿತು. ಎಂಜಿನ್ ಹೆದ್ದಾರಿಯಲ್ಲಿ ನಿಧಾನವಾಗಿ ತಿರುಗಿದರೆ ಮೈಲೇಜ್ ಏರುತ್ತದೆ. ಹಾಗಾಗಿ ಆ್ಯಕ್ಸಲ್‌ನ ಅಂಕಿಗಳು ಇಳಿಯುತ್ತಾ ಬಂದವು. ಎಂಬತ್ತರ ದಶಕದಲ್ಲಿ ಎಂಜಿನ್ನುಗಳಿಗೆ ಮತ್ತೆ ಉಸಿರು ಬಂತು, ಆದರೆ ಆ್ಯಕ್ಸಲ್ ಮಾತ್ರ ಮಿತವ್ಯಯದ ಕಾಲದಲ್ಲಿಯೇ ಉಳಿಯಿತು. 1987ರಿಂದ 1993ರವರೆಗಿನ ಐದು ಲೀಟರ್ ಮಸ್ಟಾಂಗ್‌ಗಳಿಗೆ ಹಲ್ಲು ಬದಲಿಸಿದರೆ ಅಷ್ಟು ದೊಡ್ಡ ವ್ಯತ್ಯಾಸ ಕಾಣುವುದು ಇದರಿಂದಲೇ. ಒಳ್ಳೆಯ ಎಂಜಿನ್ ಅಲ್ಲಿಯೇ ಇದೆ, ಅದರ ಕೈ ಕಟ್ಟಿಹಾಕಲಾಗಿದೆ.

ನನ್ನ ಕಾರಿನಲ್ಲಿ ಈಗ ಯಾವ ಅಂಕಿ ಇದೆ ಎಂದು ಬಿಚ್ಚದೆ ತಿಳಿಯಬಹುದೇ?

ಫೋರ್ಡ್ ಆ್ಯಕ್ಸಲ್‌ನ ಹಿಂಬದಿಯ ಮುಚ್ಚಳದ ಒಂದು ಬೋಲ್ಟಿಗೆ ಸಣ್ಣ ತಗಡಿನ ಚೀಟಿ ಸಿಕ್ಕಿಸಿರುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿದರೆ 2L73 ಎಂಬಂಥ ಬರಹ ಕಾಣುತ್ತದೆ: ಅನುಪಾತ 2.73, ನಡುವೆ ಎಲ್ ಅಕ್ಷರವಿದ್ದರೆ ಲಿಮಿಟೆಡ್ ಸ್ಲಿಪ್ (ಎರಡು ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಡಿಫರೆನ್ಷಿಯಲ್‌ನ ಒಂದು ಬಗೆ, ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುತ್ತದೆ).

ಆದರೆ ಮೂವತ್ತು ವರ್ಷ ದಾಟಿದ ಕಾರಿನ ಚೀಟಿಯನ್ನು ಪೂರ್ತಿ ನಂಬಬೇಡಿ. ಹಿಂದಿನ ಮಾಲೀಕ ಹಲ್ಲು ಬದಲಿಸಿ ಹಳೆಯ ಚೀಟಿಯನ್ನೇ ಮರಳಿ ಸಿಕ್ಕಿಸಿರಬಹುದು. ಎರಡೂ ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಭದ್ರವಾಗಿ ಕೂರಿಸಿ, ಗೇರನ್ನು ನ್ಯೂಟ್ರಲ್‌ಗೆ ಹಾಕಿ. ಟೈರಿಗೂ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ. ಲಿಮಿಟೆಡ್ ಸ್ಲಿಪ್ ಇದ್ದರೆ ಎರಡೂ ಚಕ್ರ ಒಟ್ಟಿಗೆ ತಿರುಗುತ್ತವೆ. ಚಕ್ರ ಒಂದು ಸುತ್ತು ಮುಗಿಸುವಾಗ ಶಾಫ್ಟು ಎಷ್ಟು ತಿರುಗಿತು ಎಂದು ಎಣಿಸಿ. ಸಾಮಾನ್ಯ ಡಿಫರೆನ್ಷಿಯಲ್ ಆದರೆ ಒಂದು ಚಕ್ರವನ್ನು ಅಲುಗದಂತೆ ಹಿಡಿದು ಇನ್ನೊಂದನ್ನು ಎರಡು ಸುತ್ತು ತಿರುಗಿಸಿ. ಎರಡೂಮುಕ್ಕಾಲಿಗೆ ಸ್ವಲ್ಪ ಕಡಿಮೆ ಬಂದರೆ 2.73, ಮೂರೂಮುಕ್ಕಾಲಿನ ಹತ್ತಿರ ಬಂದರೆ 3.73.

## ಯಾವ ಅಂಕಿ?

3.55, 3.73, 4.10. ಯಾವುದು ಹಾಕಿಸಲಿ? ಒಂದೇ ಮಾತಿನಲ್ಲಿ ಹೇಳಿ.

ರಸ್ತೆಯಲ್ಲಿ ದಿನವೂ ಓಡಿಸುವ, ಕೈಗೇರಿನ ಆ ಕಾಲದ ಮಸ್ಟಾಂಗ್‌ಗೆ 3.73. ಒಂದು ಮಾತಿನ ಉತ್ತರ ಇದು. ಆದರೆ ಅದರ ಹಿಂದಿನ ಲೆಕ್ಕವನ್ನು ನೀವೇ ಒಮ್ಮೆ ಮಾಡಿ ನೋಡಬೇಕೆಂಬುದು ನನ್ನ ಆಸೆ.

ಎಂಜಿನ್ ನಿಮಿಷಕ್ಕೆ 5,500 ಸುತ್ತು ಮುಟ್ಟಿದಾಗ ಗೇರ್ ಬದಲಿಸುತ್ತೀರಿ ಎಂದಿಟ್ಟುಕೊಳ್ಳೋಣ. 2.73 ಇದ್ದಾಗ ಮೊದಲ ಗೇರು ಗಂಟೆಗೆ ಸುಮಾರು 46 ಮೈಲಿವರೆಗೆ ಬರುತ್ತದೆ, ಎರಡನೆಯದು ಸುಮಾರು 79ರವರೆಗೆ. 3.73 ಹಾಕಿದರೆ ಮೊದಲನೆಯದು 33ಕ್ಕೆ, ಎರಡನೆಯದು 58ಕ್ಕೆ ಮುಗಿಯುತ್ತದೆ. 4.10 ಆದರೆ 30 ಮತ್ತು 53. ಅಮೆರಿಕದಲ್ಲಿ ಎಲ್ಲರೂ ಹೋಲಿಸುವುದು ಸೊನ್ನೆಯಿಂದ 60 ಮೈಲಿ ತಲುಪುವ ಹೊತ್ತನ್ನು. 3.73ರಲ್ಲಿ ಎರಡನೇ ಗೇರನ್ನು ಇನ್ನೊಂದು ಇನ್ನೂರು ಸುತ್ತು ಎಳೆದರೆ 60 ಸಿಕ್ಕೇಬಿಡುತ್ತದೆ. 4.10ರಲ್ಲಿ ಸಿಗುವುದಿಲ್ಲ, ಮೂರನೇ ಗೇರಿಗೆ ಹೋಗಲೇಬೇಕು. ಕ್ಲಚ್ ತುಳಿದು ಗೇರ್ ಬದಲಿಸುವ ಆ ಕ್ಷಣದಲ್ಲಿ ಎಂಜಿನ್ ಏನನ್ನೂ ತಳ್ಳುವುದಿಲ್ಲ. ಅಂಕಿ ಹೆಚ್ಚಿಸಿಯೂ 60 ತಲುಪುವ ಹೊತ್ತು ಇಳಿಯಲಿಲ್ಲ ಎಂದು ಕೊರಗುವವರ ಕಾರಿನಲ್ಲಿ ಬಹುಪಾಲು ಇದೇ ಆಗಿರುತ್ತದೆ.

ಕಾಲು ಮೈಲಿಯ ಡ್ರ್ಯಾಗ್ ಪಟ್ಟಿಯಲ್ಲಿ ಲೆಕ್ಕ ಬೇರೆ. ಗಂಟೆಗೆ 95 ಮೈಲಿ ವೇಗದಲ್ಲಿ ಗೆರೆ ದಾಟುವ ಕಾರು 2.73ರಲ್ಲಿ ಮೂರನೇ ಗೇರಿನಲ್ಲಿಯೇ, ಸುಮಾರು 4,400 ಸುತ್ತಿನಲ್ಲಿ ದಾಟುತ್ತದೆ. 3.73ರಲ್ಲಿ ಅದೇ ಗೇರಿನಲ್ಲಿ ಉಳಿದರೆ 6,000 ಆಗುತ್ತದೆ. ಆ ಎಂಜಿನ್ನಿನ ಪೂರ್ಣ ಶಕ್ತಿ ಬರುವುದೇ 4,200ರಲ್ಲಿ, 6,000ದಲ್ಲಿ ಅದಕ್ಕೆ ಉಸಿರಿರುವುದಿಲ್ಲ. ಹಾಗಾಗಿ ನಾಲ್ಕನೇ ಗೇರಿಗೆ ಹೋಗಬೇಕು, ಅಲ್ಲಿ ಸುಮಾರು 4,650ರಲ್ಲಿ ಗೆರೆ ದಾಟುತ್ತದೆ. 4.10 ಆದರೆ ನಾಲ್ಕನೆಯದರಲ್ಲಿ ಸುಮಾರು 5,100. ಕ್ಯಾಮ್ (ಎಂಜಿನ್ನಿನ ಕವಾಟಗಳನ್ನು ತೆರೆಯುವ ದಂಡ) ಬದಲಿಸಿ ಎಂಜಿನ್ ಹೆಚ್ಚಿನ ಸುತ್ತಿನಲ್ಲಿಯೂ ಉಸಿರಾಡುವಂತೆ ಮಾಡಿಕೊಂಡವರಿಗೆ 4.10 ಸರಿ. ಎಂಜಿನ್ ಮುಟ್ಟದವರಿಗೆ ನಾನು ಹೇಳುವುದಿಲ್ಲ.

3.55 ಯಾರಿಗೆಂದರೆ, ವಾರವಾರವೂ ಇನ್ನೂರು ಮೈಲಿ ಹೆದ್ದಾರಿ ಓಡಿಸುವವರಿಗೆ. ಅದು ತಪ್ಪಾದ ಆಯ್ಕೆ ಅಲ್ಲವೇ ಅಲ್ಲ.

ಎಷ್ಟು ಸೆಕೆಂಡು ಉಳಿಯುತ್ತದೆ?

2.73ರಿಂದ 3.73ಕ್ಕೆ ಹೋದರೆ ಕಾಲು ಮೈಲಿಯಲ್ಲಿ ಅರ್ಧ ಸೆಕೆಂಡಿಗಿಂತ ಕಡಿಮೆ. ಗಡಿಯಾರದಲ್ಲಿ ಇದು ಸಣ್ಣದಾಗಿ ಕಾಣಬಹುದು. ಬೆನ್ನಿಗೆ ಅನ್ನಿಸುವುದು ಹೆಚ್ಚು, ಏಕೆಂದರೆ ಉಳಿತಾಯದ ಬಹುಪಾಲು ಮೊದಲ ಕೆಲವು ಮೀಟರುಗಳಲ್ಲಿ, ನಿಂತ ಕಾರು ಎದ್ದು ಹೊರಡುವಾಗ ಸಿಗುತ್ತದೆ. ಊರೊಳಗೆ ನೀವು ಓಡಿಸುವುದೂ ಅಲ್ಲಿಯೇ.

ಹಳೆಯ ಶೆವಿಗಳಲ್ಲಿ 4.10 ಹಾಕಿ ಓಡಿಸುತ್ತಿದ್ದರಂತೆ. ನಾನೇಕೆ ಹಾಕಬಾರದು?

ಅವರ ಗೇರ್ ಪೆಟ್ಟಿಗೆ ಯಾವುದು ಎಂದು ಕೇಳಿ. ಅರವತ್ತರ ದಶಕದ ಶೆವರ್ಲೆಯ ಮನ್ಸಿ ಎಂ21 ಮತ್ತು ಎಂ22 ಪೆಟ್ಟಿಗೆಗಳ ಮೊದಲ ಗೇರು 2.20. ಅದನ್ನು 4.10ರಿಂದ ಗುಣಿಸಿದರೆ 9.02. ನನ್ನ ಮಸ್ಟಾಂಗ್‌ನ ಮೊದಲ ಗೇರು 3.35, ಕಾರ್ಖಾನೆಯ 2.73ರಿಂದ ಗುಣಿಸಿದರೆ 9.15. ಅಂದರೆ ಎಲ್ಲರೂ ಹೆಸರೆತ್ತಿ ಹೊಗಳುವ ಆ 4.10 ಕಾರು ಮೊದಲ ಗೇರಿನಲ್ಲಿ, ಎಲ್ಲರೂ ಬೈಯುವ 2.73 ಮಸ್ಟಾಂಗ್‌ಗಿಂತ ಕೂದಲೆಳೆಯಷ್ಟು ಹಿಂದೆಯೇ ಇದೆ!

ಮೊದಲ ಸಲ ಈ ಗುಣಾಕಾರ ಮಾಡಿದಾಗ ತಪ್ಪಾಯಿತೇನೋ ಎಂದು ಕಾಗದದ ಮೇಲೆ ಎರಡು ಸಲ ಬರೆದು ನೋಡಿದೆ. ಆ್ಯಕ್ಸಲ್‌ನ ಅಂಕಿಯೊಂದೇ ಏನನ್ನೂ ಹೇಳುವುದಿಲ್ಲ. ಮೊದಲ ಗೇರು, ಆ್ಯಕ್ಸಲ್, ಟೈರಿನ ಎತ್ತರ ಮೂರನ್ನೂ ಒಟ್ಟಿಗೆ ಹಿಡಿದು ನೋಡಬೇಕು. ಟೈರ್ 25.6 ಇಂಚಿನಿಂದ 28 ಇಂಚಿಗೆ ಏರಿಸಿದರೆ ನಿಮ್ಮ 3.73 ನಡೆದುಕೊಳ್ಳುವುದು 3.41ರಂತೆ. ಆ ಹಳೆಯ ನಾಲ್ಕು ಗೇರಿನ ಕಾರುಗಳಿಗೆ ಓವರ್‌ಡ್ರೈವ್ (ಎಂಜಿನ್ನಿಗಿಂತ ಶಾಫ್ಟು ವೇಗವಾಗಿ ತಿರುಗುವ ಗೇರು) ಇರಲಿಲ್ಲ ಎಂಬುದನ್ನೂ ನೆನಪಿಡಿ. 26 ಇಂಚಿನ ಟೈರು, 4.10, ಗಂಟೆಗೆ 65 ಮೈಲಿ ಎಂದರೆ ಎಂಜಿನ್ ನಿಮಿಷಕ್ಕೆ ಹೆಚ್ಚುಕಡಿಮೆ 3,450 ಸುತ್ತು ಕಿರುಚುತ್ತಿರುತ್ತದೆ.

ಹೆದ್ದಾರಿಯಲ್ಲಿ ಪೆಟ್ರೋಲ್ ಸಿಕ್ಕಾಪಟ್ಟೆ ಕುಡಿಯುವುದಿಲ್ಲವೇ?

ಐದನೇ ಗೇರು 0.68 ಇರುವುದು ಇಲ್ಲಿ ಕೈ ಹಿಡಿಯುತ್ತದೆ. ಗಂಟೆಗೆ 65 ಮೈಲಿಯಲ್ಲಿ 2.73 ಇದ್ದಾಗ ಎಂಜಿನ್ ಸುಮಾರು 1,580 ಸುತ್ತು ತಿರುಗುತ್ತಿತ್ತು, 3.55ರಲ್ಲಿ 2,060, 3.73ರಲ್ಲಿ 2,165, 4.10ರಲ್ಲಿ 2,380. ಹೆದ್ದಾರಿಯ ಮೈಲೇಜ್ ಇಳಿಯುವುದು ನಿಜ. ಊರೊಳಗೆ ವ್ಯತ್ಯಾಸ ನನಗೆ ಕಂಡಿಲ್ಲ. ಕಾರನ್ನು ಎಬ್ಬಿಸಲು ಮೊದಲಿನಷ್ಟು ಆಕ್ಸಿಲರೇಟರ್ ತುಳಿಯಬೇಕಾಗಿಲ್ಲ. 2.73 ಇದ್ದಾಗ ಏರು ಬಂದರೆ ಐದರಿಂದ ನಾಲ್ಕಕ್ಕೆ ಇಳಿಸಬೇಕಾಗುತ್ತಿತ್ತು, ಈಗ ಐದರಲ್ಲಿಯೇ ಹತ್ತುತ್ತದೆ.

ಚಿಕ್ಕಪ್ಪ, ನನ್ನದು ಹತ್ತು ಗೇರಿನ ಆಟೊಮ್ಯಾಟಿಕ್ ಇರುವ ಹೊಸ ಮಸ್ಟಾಂಗ್. ನಾನೂ ಬದಲಿಸಲೇ?

ಬೇಡ ಮಗು. ನಿನ್ನ ಪೆಟ್ಟಿಗೆಯ ಮೊದಲ ಗೇರು 4.70. ಆ್ಯಕ್ಸಲ್ 3.15 ಇದ್ದರೂ ಗುಣಿಸಿದರೆ 14.8 ಬರುತ್ತದೆ, 3.55 ಇದ್ದರೆ 16.7. ನನ್ನ ಕಾರಿಗೆ 4.10 ಹಾಕಿದರೂ 13.7 ದಾಟುವುದಿಲ್ಲ. ಡಾಡ್ಜ್ ಚಾಲೆಂಜರ್‌ನ ಎಂಟು ಗೇರಿನ ಆಟೊಮ್ಯಾಟಿಕ್‌ನಲ್ಲಿಯೂ ಇದೇ ಕತೆ: ಮೊದಲ ಗೇರು 4.71. ಹಿಂದೆ ಆ್ಯಕ್ಸಲ್ ಮಾಡುತ್ತಿದ್ದ ಕೆಲಸವನ್ನು ಈಗ ಗೇರ್ ಪೆಟ್ಟಿಗೆಯೇ ಮಾಡಿಬಿಟ್ಟಿದೆ. ಆ ಹಣದಲ್ಲಿ ಒಳ್ಳೆಯ ಟೈರು ತೆಗೆದುಕೊ.

## ಕೆಲಸಕ್ಕೆ ಇಳಿದಾಗ

ಯಾವ ಹೌಸಿಂಗ್‌ಗೆ ಬೇಕಾದರೂ ಯಾವ ಹಲ್ಲು ಬೇಕಾದರೂ ಕೂರುತ್ತದೆಯೇ?

ಇಲ್ಲ. ಮೊದಲು ನಿಮ್ಮ ಆ್ಯಕ್ಸಲ್ ಯಾವುದು ಎಂದು ಗುರುತಿಸಿ. ನನ್ನದು ಫೋರ್ಡ್‌ನ 8.8, ಕ್ರೌನ್‌ನ ವ್ಯಾಸ 8.8 ಇಂಚು. ಇದು 1986ರಿಂದ ವಿ8 ಮಸ್ಟಾಂಗ್‌ಗಳಿಗೆ ಬಂತು, ಕ್ರೌನ್ ಕೂರುವ ಕ್ಯಾರಿಯರ್ ಎಲ್ಲ ಅನುಪಾತಕ್ಕೂ ಒಂದೇ.

ಶೆವರ್ಲೆಯ ಹನ್ನೆರಡು ಬೋಲ್ಟಿನ ಆ್ಯಕ್ಸಲ್ ಹಾಗಲ್ಲ. ಅನುಪಾತ ದೊಡ್ಡದಾದಷ್ಟೂ ಪಿನಿಯನ್ ಸಣ್ಣದಾಗುತ್ತದೆ, ಅದನ್ನು ಮುಟ್ಟಲು ಕ್ರೌನ್ ಹತ್ತಿರ ಸರಿಯಬೇಕಾಗುತ್ತದೆ. ಅದಕ್ಕಾಗಿ 3.07ರಿಂದ 3.73ರವರೆಗೆ ಒಂದು ಕ್ಯಾರಿಯರ್, ಅದರ ಮೇಲಿನ ಅಂಕಿಗಳಿಗೆ ಇನ್ನೊಂದು. 3.31 ಇರುವ ಶೆವೆಲ್‌ಗೆ 4.10 ಹಾಕಬೇಕೆಂದರೆ ಕ್ಯಾರಿಯರ್ ಬದಲಿಸಬೇಕು, ಇಲ್ಲವೇ ದಪ್ಪ ಮಾಡಿದ ಕ್ರೌನ್ ತರಿಸಬೇಕು. ಇದು ಗೊತ್ತಿಲ್ಲದೆ ಹಲ್ಲು ಕೊಂಡು ಪೆಟ್ಟಿಗೆ ಬಿಚ್ಚಿ ಕೂತವರನ್ನು ಕಂಡಿದ್ದೇನೆ.

ಫೋರ್ಡ್‌ನ ಹಳೆಯ ಒಂಬತ್ತು ಇಂಚಿನ ಆ್ಯಕ್ಸಲ್ ಮತ್ತು ಕ್ರೈಸ್ಲರ್‌ನ ಎಂಟೂಮುಕ್ಕಾಲು ಇಂಚಿನದು ಇಟ್ಟುಕೊಂಡವರು ಅದೃಷ್ಟವಂತರು. ಹಲ್ಲುಗಳಿರುವ ಇಡೀ ತುಂಡು ಮುಂದಕ್ಕೆ ಕಳಚಿ ಬರುತ್ತದೆ, ಮೇಜಿನ ಮೇಲಿಟ್ಟು ಕೆಲಸ ಮಾಡಬಹುದು. ನಮ್ಮದರಲ್ಲಿ ಕಾರಿನ ಅಡಿಯಲ್ಲಿ ಮಲಗಿಯೇ ಮಾಡಬೇಕು.

ಬ್ರೇಕು, ಕ್ಲಚ್ಚು ಎಲ್ಲ ನಾನೇ ಬಿಚ್ಚಿ ಜೋಡಿಸುತ್ತೇನೆ. ಇದನ್ನೂ ಮನೆಯಲ್ಲಿ ಮಾಡಬಹುದೇ?

ಬಿಚ್ಚುವುದು ಅಷ್ಟೇನೂ ಕಷ್ಟವಲ್ಲ. ಮುಚ್ಚಳ ತೆಗೆದರೆ ಹಳೆಯ ಎಣ್ಣೆ ಸುರಿಯುತ್ತದೆ; ಆ ಗಬ್ಬು ವಾಸನೆ ಬಟ್ಟೆಯಿಂದ ಎರಡು ಒಗೆತಕ್ಕೂ ಹೋಗುವುದಿಲ್ಲ. ಕ್ಯಾರಿಯರ್ ನಡುವಿನ ಅಡ್ಡ ಪಿನ್ನು ಹೊರಗೆಳೆದು, ಆ್ಯಕ್ಸಲ್ ಶಾಫ್ಟುಗಳನ್ನು ಒಳಕ್ಕೆ ತಳ್ಳಿದರೆ ಅವುಗಳನ್ನು ಹಿಡಿದಿರುವ ಸಿ ಆಕಾರದ ಕ್ಲಿಪ್ಪುಗಳು ಬೀಳುತ್ತವೆ, ಶಾಫ್ಟು ಹೊರಬರುತ್ತದೆ. ಅಡ್ಡ ಪಿನ್ನನ್ನು ಹಿಡಿದಿರುವ ಸಣ್ಣ ಬೋಲ್ಟಿನ ತಲೆ ಮುರಿಯುವುದು ಈ ಆ್ಯಕ್ಸಲ್‌ನಲ್ಲಿ ಎಲ್ಲರಿಗೂ ಗೊತ್ತಿರುವ ಕಾಟ. ಆತುರಪಡಬೇಡಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ.

ಕಷ್ಟವಿರುವುದು ಜೋಡಿಸುವುದರಲ್ಲಿ. ಡಯಲ್ ಗೇಜು, ಮೈಕ್ರೊಮೀಟರು, ಬೇರಿಂಗ್ ಒತ್ತುವ ಪ್ರೆಸ್ಸು, ಇಂಚು-ಪೌಂಡ್ ಓದುವ ಮುಳ್ಳಿನ ಟಾರ್ಕ್ ರೆಂಚು ಇಲ್ಲದಿದ್ದರೆ ಕೈಹಾಕಬೇಡಿ. ಇವೆಲ್ಲ ಇದ್ದು, ಒಂದೇ ಕೆಲಸವನ್ನು ಐದಾರು ಸಲ ಬಿಚ್ಚಿ ಜೋಡಿಸುವ ತಾಳ್ಮೆಯೂ ಇದ್ದರೆ ಖಂಡಿತ ಮಾಡಬಹುದು. ಹೊರಗೆ ಮಾಡಿಸಿದರೆ ಹಲ್ಲುಗಳ ಬೆಲೆಗಿಂತ ಕೂಲಿ ಹೆಚ್ಚಾಗುವುದು ಸಾಮಾನ್ಯ. ಆ ಕೂಲಿ ನ್ಯಾಯವಾದದ್ದೇ.

ಶಿಮ್ ಶಿಮ್ ಎನ್ನುತ್ತಾರಲ್ಲ, ಒಂದು ತೆಳು ತಗಡಿಗೆ ಏಕೆ ಇಷ್ಟು ಚಿಂತೆ?

ಪಿನಿಯನ್ನಿನ ತಲೆಗೂ ಅದರ ಒಳಗಿನ ಬೇರಿಂಗಿಗೂ ನಡುವೆ ಒಂದು ತೆಳ್ಳನೆಯ ಉಕ್ಕಿನ ಬಳೆ ಕೂರುತ್ತದೆ. ಅದೇ ಶಿಮ್. ಅದು ದಪ್ಪವಾದರೆ ಪಿನಿಯನ್ ಕ್ರೌನ್ ಕಡೆಗೆ ಸರಿಯುತ್ತದೆ, ತೆಳುವಾದರೆ ದೂರ ಹೋಗುತ್ತದೆ. ಇಂಚಿನ ಸಾವಿರದ ಎರಡು ಮೂರು ಭಾಗ, ಅಂದರೆ ಒಂದು ತಲೆಗೂದಲಿನ ದಪ್ಪ ಆಚೀಚೆಯಾದರೆ ಹಲ್ಲು ಹಲ್ಲಿಗೆ ಒತ್ತುವ ಗುರುತು ಬೇರೆಯಾಗಿಬಿಡುತ್ತದೆ.

ಆ ಗುರುತು ನೋಡುವುದೇ ಈ ಕೆಲಸದ ಜೀವ. ಕ್ರೌನ್‌ನ ನಾಲ್ಕೈದು ಹಲ್ಲುಗಳಿಗೆ ಗಟ್ಟಿ ಮಜ್ಜಿಗೆಹುಳಿಯಷ್ಟು ಮಂದವಾದ ಹಳದಿ ಲೇಪವನ್ನು ಬ್ರಷ್‌ನಿಂದ ಹಚ್ಚುತ್ತೇವೆ. ಒಂದು ಕೈಯಲ್ಲಿ ಕ್ರೌನ್ ಸರಾಗವಾಗಿ ತಿರುಗದಂತೆ ಬಟ್ಟೆ ಒತ್ತಿ ತಡೆದು, ಇನ್ನೊಂದು ಕೈಯಲ್ಲಿ ಪಿನಿಯನ್ ತಿರುಗಿಸುತ್ತೇವೆ. ಟಾರ್ಚ್ ಹಿಡಿದು ನೋಡಿದರೆ ಹಲ್ಲು ಹಲ್ಲಿಗೆ ಒತ್ತಿದ ಕಡೆ ಲೇಪ ಸರಿದು, ಹುಣಸೆಬೀಜದ ಆಕಾರದ ಹೊಳೆಯುವ ಉಕ್ಕು ಕಾಣುತ್ತದೆ. ಆ ಬೀಜ ಹಲ್ಲಿನ ಮೇಲಂಚಿಗೆ ಹತ್ತಿದ್ದರೆ ಪಿನಿಯನ್ ದೂರವಾಗಿದೆ, ದಪ್ಪ ಶಿಮ್ ಬೇಕು. ಬುಡಕ್ಕೆ ಇಳಿದಿದ್ದರೆ ಹತ್ತಿರವಾಗಿದೆ, ತೆಳು ಶಿಮ್ ಬೇಕು. ಮೇಲಂಚಿಗೂ ಬುಡಕ್ಕೂ ನಡುವೆ ಬಂದು ನಿಂತರೆ ಸರಿ. ಒಂಬತ್ತು ಇಂಚಿನ ಫೋರ್ಡ್‌ನಲ್ಲಿ ಶಿಮ್ ಕೂರುವ ಜಾಗವೇ ಬೇರೆ, ಹಾಗಾಗಿ ಅಲ್ಲಿ ಈ ನಿಯಮ ತಿರುವುಮುರುವು.

ಪ್ರತಿ ಸಲ ಶಿಮ್ ಬದಲಿಸಲು ಬೇರಿಂಗನ್ನು ಪ್ರೆಸ್ಸಿನಲ್ಲಿ ಕಿತ್ತರೆ ಹೊಸ ಬೇರಿಂಗ್ ಹಾಳಾಗುತ್ತದೆ. ಅನುಭವಿಗಳು ಹಳೆಯ ಬೇರಿಂಗಿನ ಒಳರಂಧ್ರವನ್ನು ತುಸು ತೇದು, ಕೈಯಲ್ಲಿ ಹಾಕಿ ತೆಗೆಯುವಷ್ಟು ಸಡಿಲ ಮಾಡಿಕೊಂಡು ಅಳತೆಗೆ ಇಟ್ಟುಕೊಂಡಿರುತ್ತಾರೆ. ಮೆಕ್ಯಾನಿಕ್‌ನನ್ನು ಅಳೆಯಬೇಕಾದರೆ ಅವರ ಬಳಿ ಆ ಬೇರಿಂಗ್ ಇದೆಯೇ ಎಂದು ಕೇಳಿ.

ಇದರ ಜೊತೆಗೆ ಎರಡು ಗೇರುಗಳ ಹಲ್ಲಿನ ನಡುವೆ ತುಸು ಪ್ಲೇ, ಅಂದರೆ ಸಡಿಲು, ಇರಬೇಕು. ನಮ್ಮ 8.8ಕ್ಕೆ ಫೋರ್ಡ್ ಹೇಳುವುದು ಇಂಚಿನ ಸಾವಿರದ 8ರಿಂದ 15 ಭಾಗ. ಕ್ಯಾರಿಯರ್‌ನ ಒಂದು ಬದಿಯ ಶಿಮ್ ತೆಳುಮಾಡಿ ಇನ್ನೊಂದು ಬದಿಯದನ್ನು ಅಷ್ಟೇ ದಪ್ಪಮಾಡಿ ಇದನ್ನು ಹೊಂದಿಸಬೇಕು. ಹಲ್ಲು ಮಾಡಿದವರು ಪೆಟ್ಟಿಗೆಯಲ್ಲಿ ಬೇರೆ ಅಳತೆಯ ಚೀಟಿ ಇಟ್ಟಿದ್ದರೆ ಆ ಚೀಟಿಯೇ ಪ್ರಮಾಣ.

ಪಿನಿಯನ್ ನಟ್ಟನ್ನು ಶಕ್ತಿ ಇದ್ದಷ್ಟೂ ಬಿಗಿಯಬೇಕೇ?

ದಯವಿಟ್ಟು ಬೇಡ. ಎರಡು ಪಿನಿಯನ್ ಬೇರಿಂಗುಗಳ ನಡುವೆ ಒಂದು ಉಕ್ಕಿನ ಕೊಳವೆ ಇರುತ್ತದೆ. ನಟ್ಟು ಬಿಗಿದಂತೆ ಅದು ನಲುಗಿ ಕುಗ್ಗುತ್ತದೆ. ಮೊದಲು ಅದು ಜಗ್ಗುವುದೇ ಇಲ್ಲ, ಉದ್ದನೆಯ ಪೈಪು ಸಿಕ್ಕಿಸಿ ಇಡೀ ಮೈಭಾರ ಹಾಕಬೇಕು. ಒಮ್ಮೆ ಕುಗ್ಗತೊಡಗಿತೆಂದರೆ ನಟ್ಟಿನ ಒಂದೊಂದು ಚೂರು ತಿರುವಿಗೂ ಪಿನಿಯನ್ ತಿರುಗಿಸಿ ಎಷ್ಟು ಬಿಗಿಯಿದೆ ಎಂದು ಅಳೆಯಬೇಕು. ಹೊಸ ಬೇರಿಂಗಿಗೆ 16ರಿಂದ 29 ಇಂಚು-ಪೌಂಡ್.

ನಾನು ಮೊದಲ ಸಲ ಮಾಡಿದಾಗ 20 ತಲುಪಿತ್ತು. ಇನ್ನೊಂದಿಷ್ಟು ಇರಲಿ ಎಂದು ನಟ್ಟನ್ನು ತಿರುವಿದೆ, ಮುಳ್ಳು 40ಕ್ಕೆ ಹಾರಿತು. ಸಡಿಲಿಸಿದರೆ ಸರಿಯಾಗುವುದಿಲ್ಲ, ಏಕೆಂದರೆ ನಲುಗಿದ ಕೊಳವೆ ಮರಳಿ ಉದ್ದವಾಗುವುದಿಲ್ಲ, ಬೇರಿಂಗುಗಳು ಸಡಿಲವಾಗಿಬಿಡುತ್ತವೆ. ಎಲ್ಲ ಬಿಚ್ಚಿ ಹೊಸ ಕೊಳವೆ ಹಾಕಿದೆ. ಅಂದಿನಿಂದ ಕೆಲಸ ಶುರುಮಾಡುವ ಮೊದಲೇ ಎರಡು ಕೊಳವೆ ತರಿಸಿಟ್ಟುಕೊಳ್ಳುತ್ತೇನೆ.

## ಹಾಕಿದ ಮೇಲೆ

ಹೊಸ ಹಲ್ಲು ಹಾಕಿದ ದಿನವೇ ಟ್ರ್ಯಾಕಿಗೆ ಹೋಗಬಹುದೇ?

ಹೋಗಬೇಡಿ. ಪಿನಿಯನ್ ಕ್ರೌನ್‌ನ ನಡುಗೆರೆಗಿಂತ ಕೆಳಗೆ ಕೂತಿರುವುದರಿಂದ ಹಲ್ಲುಗಳು ಉರುಳುವುದಷ್ಟೇ ಅಲ್ಲ, ಒಂದರ ಮೇಲೊಂದು ಉಜ್ಜಿ ಜಾರುತ್ತವೆ. ಹೊಸ ಮೇಲ್ಮೈಗಳು ಒಂದಕ್ಕೊಂದು ಒಗ್ಗುವವರೆಗೆ ವಿಪರೀತ ಬಿಸಿಯಾಗುತ್ತವೆ. ಮೊದಲ ಸಲ ಹದಿನೈದು ಇಪ್ಪತ್ತು ನಿಮಿಷ ಹಗುರವಾಗಿ ಓಡಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಕೆಲವು ಸಲ ಮಾಡಿ. ಮೊದಲ 500 ಮೈಲಿ ಜೋರಾಗಿ ಎಬ್ಬಿಸುವುದಾಗಲಿ ಟ್ರೇಲರ್ ಎಳೆಯುವುದಾಗಲಿ ಬೇಡ. ಆಮೇಲೆ ಎಣ್ಣೆ ಬದಲಿಸಿ. ಅದರಲ್ಲಿ ಬೆಳ್ಳಿಪುಡಿಯಂಥ ಲೋಹದ ಹೊಳಪು ಕಂಡರೆ ಹೆದರಬೇಡಿ, ಚೂರುಗಳು ಕಂಡರೆ ಹೆದರಿ.

ಎಣ್ಣೆ ಜಿಎಲ್-5 ದರ್ಜೆಯದೇ ಆಗಿರಬೇಕು. ಕ್ಲಚ್ ತಟ್ಟೆಗಳಿರುವ ಲಿಮಿಟೆಡ್ ಸ್ಲಿಪ್ ಆದರೆ ಅದಕ್ಕೆಂದೇ ಮಾರುವ ಘರ್ಷಣೆ ತಗ್ಗಿಸುವ ದ್ರವವನ್ನೂ ಸೇರಿಸಬೇಕು. ಸೇರಿಸದಿದ್ದರೆ ತಿರುವುಗಳಲ್ಲಿ ಹಿಂದಿನಿಂದ ಕಟಕಟ ಎಂದು ಅದುರುತ್ತದೆ.

ಹಾಕಿಸಿ ಎರಡು ವಾರವಾಯಿತು, ಹಿಂದಿನಿಂದ ಊಳಿಡುವ ಸದ್ದು ಬರುತ್ತಿದೆ. ಒಗ್ಗಿಕೊಳ್ಳುತ್ತದೆ ಎನ್ನುತ್ತಾರೆ, ನಿಜವೇ?

ಇಲ್ಲ. ಸದ್ದು ಮಾಡುವ ಹಲ್ಲು ತಾನಾಗಿ ಮೌನವಾದುದನ್ನು ನಾನು ಕಂಡಿಲ್ಲ. ಸದ್ದು ಯಾವಾಗ ಬರುತ್ತದೆ ಎಂದು ಗಮನಿಸಿ. ಆಕ್ಸಿಲರೇಟರ್ ತುಳಿದಾಗ ಮಾತ್ರ ಬಂದರೆ ಹಲ್ಲಿನ ಒತ್ತುವ ಬದಿಯ ಗುರುತು ಸರಿಯಿಲ್ಲ. ಕಾಲು ತೆಗೆದು ಕಾರು ತಾನಾಗಿ ನಿಧಾನವಾಗುವಾಗ ಬಂದರೆ ಮೊದಲು ಪಿನಿಯನ್ ಬೇರಿಂಗಿನ ಬಿಗಿಯನ್ನು ಅನುಮಾನಿಸಿ. ಗೇರು ಯಾವುದಿದ್ದರೂ ವೇಗದೊಂದಿಗೆ ಏರಿಳಿಯುವ ಗೊರಗೊರ ಬೇರಿಂಗಿನದೇ.

ಗೆಳೆಯರೊಬ್ಬರ ಕಾರಿಗೆ ಹೊರಗಿನ ಒಂದು ವರ್ಕ್‌ಶಾಪಿನಲ್ಲಿ ಹಲ್ಲು ಹಾಕಿಸಿದ್ದರು. ಸದ್ದು ತಾಳಲಾರದೆ ನನ್ನ ಗ್ಯಾರೇಜಿಗೆ ತಂದರು. ಮುಚ್ಚಳ ತೆಗೆದಾಗ ಹಳದಿ ಲೇಪದ ಕುರುಹೂ ಇರಲಿಲ್ಲ, ಬೇರಿಂಗುಗಳು ಹಳೆಯವೇ ಆಗಿದ್ದವು, ಹಳೆಯ ಶಿಮ್ಮನ್ನೇ ಕೂರಿಸಿದ್ದರು. ಹಣ ಕೊಡುವ ಮೊದಲು ಗುರುತಿನ ಫೋಟೊ ಮತ್ತು ಅಳತೆಗಳನ್ನು ಬರೆದುಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. ಕೊಡಲಾಗದವರಿಗೆ ಕಾರು ಬಿಡಬೇಡಿ.

ಸ್ಪೀಡೋಮೀಟರ್ ಹುಚ್ಚು ಹುಚ್ಚಾಗಿ ತೋರಿಸುತ್ತಿದೆ.

ಅದಕ್ಕೆ ಓದು ಬರುವುದು ಗೇರ್ ಪೆಟ್ಟಿಗೆಯ ಹಿಂಬದಿಯಿಂದ, ಚಕ್ರದಿಂದಲ್ಲ. 2.73ರಿಂದ 3.73ಕ್ಕೆ ಹೋಗಿ ಹಾಗೆಯೇ ಬಿಟ್ಟರೆ 65ರಲ್ಲಿ ಹೋಗುವಾಗ 89 ತೋರಿಸುತ್ತದೆ, ಓಡಿದ ಮೈಲಿಯೂ ಅಷ್ಟೇ ಹೆಚ್ಚಾಗಿ ದಾಖಲಾಗುತ್ತದೆ. ಹಳೆಯ ಕಾರುಗಳಲ್ಲಿ ಕೇಬಲ್ ತುದಿಯ ಪ್ಲಾಸ್ಟಿಕ್ ಗೇರನ್ನು ಹೆಚ್ಚು ಹಲ್ಲಿನದಕ್ಕೆ ಬದಲಿಸಿದರೆ ಸಾಕು. ಈಚಿನವುಗಳಲ್ಲಿ ಕಂಪ್ಯೂಟರ್‌ಗೆ ಹೊಸ ಅನುಪಾತ ಬರೆಸಬೇಕು.

ಈಗ ತುಳಿದರೆ ಚಕ್ರ ನಿಂತಲ್ಲೇ ಸುತ್ತುತ್ತದೆ, ಕಾರು ಮುಂದೆ ಹೋಗುವುದಿಲ್ಲ. ತಪ್ಪು ಮಾಡಿದೆನೇ?

ಹಲ್ಲು ತನ್ನ ಕೆಲಸ ಮಾಡುತ್ತಿದೆ, ಟೈರು ಸೋತಿದೆ. ಹೊಗೆ ಎಬ್ಬಿಸುವ ಟೈರು ನೋಡಲು ಚೆಂದ, ಗಡಿಯಾರಕ್ಕೆ ನಷ್ಟ. ಮೊದಲು ಮೃದುವಾದ ಒಳ್ಳೆಯ ಟೈರು, ಆಮೇಲೆ ಹಿಂದಿನ ಸಸ್ಪೆನ್ಷನ್ ತೋಳುಗಳ ಸವೆದ ರಬ್ಬರು, ಆಮೇಲೆ ಲಿಮಿಟೆಡ್ ಸ್ಲಿಪ್‌ನ ತಟ್ಟೆಗಳು. ಈ ಕ್ರಮದಲ್ಲಿ ನೋಡಿ.

## ಇನ್ನಷ್ಟು ಆಳಕ್ಕೆ

4.10 ಹಾಕಿದ ಮೇಲೆ ಜೋರಾಗಿ ಹೋದಾಗ ನೆಲ ನಡುಗುತ್ತದೆ. ಏಕೆ?

ಶಾಫ್ಟು. ಗಂಟೆಗೆ 120 ಮೈಲಿ ವೇಗದಲ್ಲಿ 2.73 ಇದ್ದಾಗ ಅದು ನಿಮಿಷಕ್ಕೆ ಸುಮಾರು 4,300 ಸುತ್ತು ತಿರುಗುತ್ತಿತ್ತು, ಈಗ ಸುಮಾರು 6,460. ಮೊದಲು ಗೊತ್ತಾಗದಿದ್ದ ಸಣ್ಣ ಅಸಮತೋಲವೂ ಸವೆದ ಯುನಿವರ್ಸಲ್ ಜಾಯಿಂಟೂ ಈಗ ಮಾತನಾಡುತ್ತವೆ. ಹಗುರವಾದ ಅಲ್ಯೂಮಿನಿಯಂ ಶಾಫ್ಟು ಹಾಕುವವರು ಸುಮ್ಮನೆ ಹಾಕುವುದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಆ್ಯಕ್ಸಲ್‌ನಲ್ಲಿ ಚಕ್ರಕ್ಕೆ ಹೋಗುವ ಆ್ಯಕ್ಸಲ್ ಶಾಫ್ಟು ಹೊರಕ್ಕೆ ಬಾರದಂತೆ ಹಿಡಿದಿರುವುದು ಒಳತುದಿಯ ಸಿ ಕ್ಲಿಪ್ ಮಾತ್ರ. ಶಾಫ್ಟು ಮುರಿದರೆ ತುಂಡಿನ ಜೊತೆ ಚಕ್ರವೂ ಹೊರಬರುತ್ತದೆ. ಜಿಗುಟಾದ ಡ್ರ್ಯಾಗ್ ಟೈರು ಹಾಕಿ ಕ್ಲಚ್ ಒಮ್ಮೆಲೇ ಬಿಡುವ ಅಭ್ಯಾಸವಿದ್ದರೆ 28 ಸ್ಪ್ಲೈನಿನ (ಶಾಫ್ಟಿನ ತುದಿಯ ಉದ್ದಗೀರುಗಳು) ಕಾರ್ಖಾನೆ ಶಾಫ್ಟುಗಳ ಬದಲು 31 ಸ್ಪ್ಲೈನಿನವುಗಳನ್ನು, ಅವಕ್ಕೆ ಹೊಂದುವ ಡಿಫರೆನ್ಷಿಯಲ್ ಜೊತೆಗೆ, ಹಲ್ಲು ಬದಲಿಸುವಾಗಲೇ ಹಾಕಿಸಿ.

ಅಣ್ಣಾ, ಸಕಲೇಶಪುರದ ತೋಟದಲ್ಲಿ ನಮ್ಮದೊಂದು ಹಳೆಯ ಫೋರ್ ವೀಲ್ ಜೀಪಿದೆ. ಏರು ಹತ್ತಲು ಇದೇ ಉಪಾಯ ಮಾಡಬಹುದೇ?

ತತ್ವ ಒಂದೇ. ಆದರೆ ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳ ಅನುಪಾತ ಒಂದೇ ಆಗಿರಬೇಕು. ಹಿಂದಿನದನ್ನು ಮಾತ್ರ ಬದಲಿಸಿ ಗಟ್ಟಿ ನೆಲದ ಮೇಲೆ ಫೋರ್ ವೀಲ್ ಹಾಕಿದರೆ ಎರಡು ಆ್ಯಕ್ಸಲ್‌ಗಳು ಒಂದನ್ನೊಂದು ಎಳೆದಾಡಿ ಏನಾದರೂ ಮುರಿದೇ ಮುರಿಯುತ್ತದೆ. ನಿಮ್ಮ ಜೀಪಿಗೆ ಲೋ ಗೇರಿನ ಸನ್ನೆ ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ತೋಟದ ಏರಿಗೆ ಅಷ್ಟು ಸಾಕು. ನೋಂದಣಿ ಪುಸ್ತಕಕ್ಕೆ ಹೊಂದದ ಮಾರ್ಪಾಡುಗಳಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ನಿರ್ಬಂಧವಿದೆ, ಅದನ್ನೂ ಆರ್‌ಟಿಒದಲ್ಲಿ ವಿಚಾರಿಸಿ.

41 ಹಲ್ಲು ಏಕೆ? 40 ಮಾಡಿ ಪಿನಿಯನ್‌ಗೆ 10 ಇಟ್ಟರೆ ಲೆಕ್ಕ ಸಲೀಸಲ್ಲವೇ?

ಇದನ್ನು ಕೇಳಿದ್ದು ಎಂಟನೇ ತರಗತಿಯ ಒಬ್ಬ ಹುಡುಗಿ, ಮತ್ತು ಇಷ್ಟು ವರ್ಷಗಳಲ್ಲಿ ನನಗೆ ಬಂದ ಅತ್ಯುತ್ತಮ ಪ್ರಶ್ನೆ ಇದು. 40ಕ್ಕೆ 10 ಇದ್ದರೆ ಪಿನಿಯನ್ನಿನ ಒಂದು ಹಲ್ಲು ಸದಾ ಕ್ರೌನ್‌ನ ಅದೇ ನಾಲ್ಕು ಹಲ್ಲುಗಳನ್ನು ಮಾತ್ರ ಮುಟ್ಟುತ್ತಿರುತ್ತದೆ. ಒಂದು ಹಲ್ಲಿನಲ್ಲಿ ಸಣ್ಣ ಏರಿದ್ದರೆ ಆ ನಾಲ್ಕೇ ಹಲ್ಲುಗಳು ಸವೆಯುತ್ತವೆ. 41 ಮತ್ತು 11ಕ್ಕೆ, 41 ಮತ್ತು 10ಕ್ಕೆ ಒಂದರ ಹೊರತು ಬೇರೆ ಸಾಮಾನ್ಯ ಭಾಜಕವಿಲ್ಲ. ಹಾಗಾಗಿ ಪ್ರತಿ ಹಲ್ಲೂ ಎದುರಿನ ಪ್ರತಿ ಹಲ್ಲನ್ನೂ ಸರದಿಯಂತೆ ಭೇಟಿಯಾಗುತ್ತದೆ. ನನ್ನ ಕಾರಿನಲ್ಲಿ ಇಂದು ಮುಟ್ಟಿದ ಒಂದು ಜೋಡಿ ಮತ್ತೆ ಮುಟ್ಟಬೇಕಾದರೆ ಪಿನಿಯನ್ 41 ಸುತ್ತು, ಚಕ್ರ 11 ಸುತ್ತು ತಿರುಗಬೇಕು. ಸವೆತ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ.

ಎಲ್ಲ ಜೋಡಿಗಳೂ ಹೀಗಿಲ್ಲ. ಒಂಬತ್ತು ಇಂಚಿನ ಫೋರ್ಡ್‌ನ 3.00 ಅನುಪಾತದಲ್ಲಿ ಕ್ರೌನ್‌ಗೆ 39, ಪಿನಿಯನ್‌ಗೆ 13. ಅಂಥ ಜೋಡಿಯನ್ನು ಬಿಚ್ಚಿ ಮರಳಿ ಜೋಡಿಸುವಾಗ ಕಾರ್ಖಾನೆಯಲ್ಲಿ ಒಟ್ಟಿಗೆ ಉಜ್ಜಿದ ಹಲ್ಲುಗಳೇ ಮತ್ತೆ ಎದುರುಬದುರಾಗಬೇಕು. ಅದಕ್ಕಾಗಿ ಎರಡರ ಮೇಲೂ ಗುರುತು ಹಾಕಿ ಕಳಿಸಿರುತ್ತಾರೆ. ಬಿಚ್ಚಿದ ಕೂಡಲೇ ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುವ ಮೊದಲು ಆ ಗುರುತನ್ನು ಹುಡುಕಿ.